ನಾನ್ಯಾರು ಹೇಳಿ ನೋಡೋಣ

"ನಾನ್ಯಾರು ಹೇಳಿ ನೋಡೋಣ?"

ನಮ್ಮ ಮನೆಗೆ ಬಂದವರೆಲ್ಲ ನನ್ನ ಗಂಡನ ಮುಂದೆ ಕೂತು ಮೊದಲು ಕೇಳುವುದು ಇದನ್ನೇ. ಸ್ಟ್ರೋಕ್ ಆದಮೇಲೆ ಅವರ ಮಾತು ನಿಂತಿದೆ. ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಸೇಬು, ಎಳನೀರು ಹಿಡಿದು ಬರುವ ನೆಂಟರು (ಪ್ರೀತಿಯಿಂದಲೇ, ಅನುಮಾನ ಬೇಡ) ಹೀಗೊಂದು ಪರೀಕ್ಷೆ ಇಡುತ್ತಾರೆ. ಇವರು ತಲೆ ತಗ್ಗಿಸುತ್ತಾರೆ. ಆಮೇಲೆ ನೆಂಟರು ಅಡುಗೆಮನೆಗೆ ಬಂದು, "ಏನೂ ಇಂಪ್ರೂವ್‌ಮೆಂಟ್ ಇಲ್ವಲ್ಲ" ಎಂದು ನನ್ನ ಹತ್ತಿರ ಪಿಸುಗುಡುತ್ತಾರೆ.

ನನಗೆ ಬೇಕಿರುವುದು ಇಷ್ಟೇ. ಇವರು ಒಮ್ಮೆ ನನ್ನನ್ನು "ಮಂಗಳಾ" ಎಂದು ಕರೆಯಬೇಕು.

ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಪೋರ್ಷನ್‌ನಲ್ಲಿ ಸವಿತಾ ಬಾಡಿಗೆಗಿದ್ದಾಳೆ. ಗದಗದ ಹುಡುಗಿ, ಪಿಎಚ್‌ಡಿ ಮಾಡುತ್ತಿದ್ದಾಳೆ. ಅಣುಗಳು ಒಂದು ಆಕಾರದಿಂದ ಇನ್ನೊಂದಕ್ಕೆ ಹೊರಳುವುದನ್ನು ಕಂಪ್ಯೂಟರಿನಲ್ಲಿ ನೋಡುವುದು ಅವಳ ಕೆಲಸ. ಭಾನುವಾರ ಟೆರೇಸಿನಲ್ಲಿ ಬಟ್ಟೆ ಒಣಗಹಾಕುವಾಗ ಕೇಳಿದೆ, "ಅದ್ರಲ್ಲಿ ಕಷ್ಟ ಏನಮ್ಮ?"

"ಅಣು ಒಂದು ಕುಣಿಯೊಳಗ ಕುಂತಿರ್ತದ್ರಿ ಆಂಟಿ. ಅಲ್ಲೇ ಒದ್ದಾಡ್ತದ, ಹೊರಗ ಬರೂದಿಲ್ಲ. ಬಂತಂದ್ರ ಕಣ್ಣ ಮುಚ್ಚಿ ತೆಗಿಯೂದ್ರಾಗ ದಾಟಿಬಿಡ್ತದ. ಆ ಗಳಿಗೀಗೆ ಕಾಯ್ಕೋತ ಕುಂತ್ರ ಕಂಪ್ಯೂಟರ್ ವರ್ಷಗಟ್ಲೆ ಓಡಬೇಕು."

"ಮತ್ತೆ ಏನ್ ಮಾಡ್ತೀಯಾ?"

"ದಾರಿಯಾಗ ಅಲ್ಲಲ್ಲಿ ಗೆರಿ ಹಾಕ್ತೀವ್ರಿ. ಮೊದಲನೇ ಗೆರಿ ದಾಟಿದ್ರ ಸೇವ್ ಮಾಡಿ, ಅಲ್ಲಿಂದನ ಮತ್ತ ಮತ್ತ ಓಡಸ್ತೀವಿ. ಭಾಳಷ್ಟು ಹಿಂದಕ್ಕ ಜಾರ್ತಾವ. ಒಂದಾದ್ರೂ ಮುಂದಿನ ಗೆರಿ ಮುಟ್ತದ. ಪ್ರತಿ ಸಲ ಬುಡದಿಂದ ಶುರು ಮಾಡಂಗಿಲ್ಲ."

ಒದ್ದೆ ಟವೆಲ್ ನನ್ನ ಕೈಯಲ್ಲೇ ಉಳಿಯಿತು. ಹಿಂದಿನ ದಿನ ಕಾಫಿ ಕೊಡುವಾಗ ಇವರ ತುಟಿ ಕೂಡಿ "ಮ್" ಎಂದಿತ್ತು. ಹೆಸರು ಬರಲಿಲ್ಲವೆಂದು ನಾನು ಲೋಟ ಎತ್ತಿಕೊಂಡು ಒಳಗೆ ಹೋಗಿದ್ದೆ. ಅದೂ ಒಂದು ಗೆರೆಯೇ ಅಲ್ಲವೇ? (ಮನುಷ್ಯ ಅಣುವಲ್ಲ, ನಿಜ. ಸವಿತಾ ಡಾಕ್ಟರೂ ಅಲ್ಲ.)

ಸಂಜೆ ವಿಜಯನಗರದಿಂದ ಇವರ ಅಕ್ಕನ ಗಂಡ ಶ್ರೀಪತಿ ಬಂದರು. ಹೆಲ್ಮೆಟ್ ಇಡುವ ಮೊದಲೇ ಶುರು. "ನಾನ್ಯಾರು ಹೇಳು ನೋಡೋಣ?"

"ಬೇಡ ಅಣ್ಣ. ಇವತ್ತು ನೀವೇ ಹೇಳಿ" ಎಂದೆ.

ಅವರ ಮುಖ ಚಿಕ್ಕದಾಯಿತು. ಆದರೂ ಹೇಳಿದರು, "ನಾನು ಕಣಯ್ಯಾ, ಶ್ರೀಪತಿ."

ಇವರು ತಲೆ ಎತ್ತಿದರು. ಭಾವನ ಕೈ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಮತ್ತೆ "ಮ್" ಎಂದರು. ಈ ಸಲ ನಾನು ಎದ್ದು ಒಳಗೆ ಹೋಗಲಿಲ್ಲ. "ಹೂಂ, ಬಂತು. ಇನ್ನೊಂದ್ಸಲ" ಎಂದೆ. "ಮಂ" ಎಂದರು. ಅಷ್ಟಕ್ಕೇ ನಮ್ಮಿಬ್ಬರ ಕಣ್ಣೂ ತುಂಬಿತು.

ಪೂರ್ತಿ ಹೆಸರು ಇನ್ನೂ ಬಂದಿಲ್ಲ. ಬಾರದೆಯೂ ಇರಬಹುದು.

ಕಾಯಿಲೆಯವರನ್ನು ನೋಡಲು ಹೋದಾಗ ನಮ್ಮ ಹೆಸರನ್ನು ನಾವೇ ಹೇಳಿಬಿಟ್ಟರೆ ನಮ್ಮ ಗಂಟೇನು ಹೋಗುತ್ತದೆ?