ಬಾಗಿಲ ಹಿಂದಿನ ಕ್ವಿಜ್

ಕಲಬುರಗಿಯ ಕಾನ್ವೆಂಟ್‌ನಲ್ಲಿ ಓದಿ, ಮದುವೆಯಾಗಿ ನಾನು ಕಮಲಾಪುರಕ್ಕೆ ಬಂದಾಗ ಟಿವಿಯಲ್ಲಿ ಒಂದು ಕ್ವಿಜ್ ಶೋ ಆಗಷ್ಟೇ ಶುರುವಾಗಿತ್ತು. ಸೊಸೆಯ ಧ್ವನಿ ಮಾವನವರ ಕಿವಿಗೆ ಬೀಳಬಾರದೆಂಬುದು ಆ ಮನೆಯ ಕಟ್ಟಳೆ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಉತ್ತರಗಳನ್ನು ಪಿಸುಗುಟ್ಟುತ್ತಿದ್ದೆ. ಸೆಟ್ ಬದಲಾಯಿತು, ಆ್ಯಂಕರ್‌ಗಳು ಬದಲಾದರು, ಮಾವನವರು ತೀರಿಕೊಂಡರು. ಶೋ ನಿಲ್ಲಲಿಲ್ಲ. ಒಮ್ಮೆ ಆ ಹಾಟ್ ಸೀಟಿನಲ್ಲಿ ಕೂಡಬೇಕೆಂಬ ನನ್ನ ಆಸೆಯೂ ಹೋಗಲಿಲ್ಲ.

ಈಚೆಗೆ ಕಲಬುರಗಿಯ ಸೇಡಂ ರಸ್ತೆಯ ಹೋಟೆಲೊಂದರಲ್ಲಿ ಆ ಶೋದ ಆಡಿಶನ್ ಇದ್ದಾಗ ಮಗಳು ಕರೆದೊಯ್ದಳು. ಮೊದಲ ಪ್ರಶ್ನೆಗೇ ಉತ್ತರ ಗೊತ್ತಿತ್ತು, ಹೇಳಿದೆ.

“ಕೇಳಸ್ಲಿಲ್ರೀ ಅಮ್ಮಾ, ಜೋರಾಗಿ ಹೇಳ್ರಿ. ಇಲ್ಲೇನು ಕೂಸು ಮಲಗಿಲ್ಲ,” ಎಂದು ಪ್ರಶ್ನೆ ಕೇಳುತ್ತಿದ್ದ ಗಂಡಸು ನಕ್ಕ.

ಮತ್ತೆ ಹೇಳಿದೆ. ಅವನೆದುರು ಬರೀ ಪಿಸುಮಾತೇ ಹೊರಟಿತು. ಟೈಮ್ ಮುಗಿಯಿತು.

“ಉತ್ತರ ಗೊತ್ತಿರ್ಲಿಲ್ಲೇನವ್ವಾ?” ಹೊರಗೆ ಮಗಳು ಕೇಳಿದಳು.

“ಗೊತ್ತಿತ್ತು.”

“ಏನಂದಿ?” ಎನ್ನುತ್ತ ಅವಳು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು.