ಪಕ್ಕದ ಮನೆ ಹುಡುಗಿಯ ಅಳತೆಯ ಸೀಟು

ಹೋದ ತಿಂಗಳು ಅಗರಖೇಡದ ದಾರಿಯಲ್ಲಿ ಕುರಿ ಹಿಂಡೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಒಂದು ಕುರಿಗೂ ಏನೂ ಆಗಲಿಲ್ಲ. ಮುಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ನಿಂತು ಕೈ ಬೀಸುತ್ತಿದ್ದ ನನ್ನ ಮಗಳು ಗೌರಿ ಮಾತ್ರ ಹೋಗಿ ಡ್ಯಾಶ್‌ಬೋರ್ಡಿಗೆ ಹಣೆ ಬಡಿಸಿಕೊಂಡಳು. ಮೂರು ವರ್ಷದ ಹಣೆಗೆ ಮೂರು ಹೊಲಿಗೆ.

ನಾನೇನು ಜೋರಾಗಿ ಓಡಿಸುತ್ತಿರಲಿಲ್ಲ. ನಮ್ಮ ಇಂಡಿ ತಾಲೂಕಿನ ರಸ್ತೆಯಲ್ಲಿ ಜೋರಾಗಿ ಓಡಿಸುವುದು ಯಾರಿಂದ ಸಾಧ್ಯ? ಸೈಕಲ್ಲಿನವನೊಬ್ಬ ಆಗಷ್ಟೇ ನಮ್ಮನ್ನು ಹಿಂದೆ ಹಾಕಿ ಹೋಗಿದ್ದ. ಅಷ್ಟು ನಿಧಾನದಲ್ಲೂ ಹೆಂಡತಿಯ ಎರಡು ಕೈಗೆ ಮಗುವನ್ನು ಹಿಡಿದುಕೊಳ್ಳಲು ಆಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಗೆಳೆಯರೊಬ್ಬರ ಅಣ್ಣ ವಿಲಾಯತಿಯಿಂದ ತಂದಿದ್ದ ಇಂಗ್ಲಿಷ್ ಮಾಸಿಕದಲ್ಲಿ ಒಂದು ಫೋಟೋ ನೋಡಿದ್ದೆ. ಕಾರಿನೊಳಗೆ ಮಗುವಿಗೇ ಬೇರೆ ಸೀಟು. ಎರಡು ಭುಜದ ಮೇಲೆ ಎರಡು ಪಟ್ಟಾ, ಸೊಂಟಕ್ಕೊಂದು. ನಮ್ಮ ಮನೆಗೂ ಅಂಥದೇ ಬೇಕು ಎಂದು ತೀರ್ಮಾನಿಸಿದೆ. (ನಾನು ತೀರ್ಮಾನಿಸಿದರೆ ಮುಗಿಯಿತು, ಈ ಅಂಕಣ ಓದುವವರಿಗೆ ಅದು ಗೊತ್ತು.)

ಆದರೆ ಸಿಗುವುದೆಲ್ಲಿ? ಇಂಡಿ, ಸಿಂದಗಿ ಎರಡೂ ಪೇಟೆ ಸುತ್ತಿದೆ. ಒಬ್ಬ ಅಂಗಡಿಯವ ಸೈಕಲ್ಲಿನ ದಂಡಿಗೆ ಹಾಕುವ ಪುಟ್ಟ ಸೀಟು ತೋರಿಸಿದ. ಇನ್ನೊಬ್ಬ ಬೆತ್ತದ ಕುರ್ಚಿ ತೋರಿಸಿ, ಹಗ್ಗ ಕಟ್ಟಿಕೊಳ್ಳಿ ಎಂದ. ಮಗಳೇನು ಸರಕೇ?

ಕೊನೆಗೆ ಮಾಡಿಸುವುದೇ ಸರಿ ಎನಿಸಿತು. ಬಡಿಗೇರರು ಜಾಲಿಯ ಕಟ್ಟಿಗೆಯಲ್ಲಿ ಬೆನ್ನು, ಎರಡು ಬದಿ ಇರುವ ಗಟ್ಟಿ ಸೀಟು ಮಾಡಿಕೊಟ್ಟರು. ಪಟ್ಟಾದ ಕೆಲಸ ಯಮನಪ್ಪನಿಗೆ. ಬಸ್ ಸ್ಟ್ಯಾಂಡ್ ಹತ್ತಿರ ಟಾಂಗಾ ಕುದುರೆಗಳಿಗೆ ಚರ್ಮದ ಪಟ್ಟಾ ಹೊಲಿಯುವ ಮುದುಕ ಅವನು. ಅವನು ಹೊಲಿದದ್ದು ಹರಿದದ್ದನ್ನು ಇಂಡಿಯಲ್ಲಿ ಯಾರೂ ನೋಡಿಲ್ಲ. ಫೋಟೋವನ್ನು ಒಂದು ನಿಮಿಷ ದಿಟ್ಟಿಸಿ, ತಿಳಿಯಿತು, ಕೂಸನ್ನು ಕರೆದುಕೊಂಡು ಬನ್ನಿ, ಅಳತೆ ಬೇಕು ಎಂದ.

ಇಲ್ಲಿ ನನ್ನ ಅವ್ವ ಪ್ರವೇಶಿಸಿದಳು. "ಬೆಳಿಯೂ ಕೂಸು. ದೊಡ್ಡದs ಮಾಡಸು" ಎಂದಳು.

ನಮ್ಮ ಕಡೆ ಇದಕ್ಕೆ ಎದುರು ಮಾತುಂಟೇ? ಹುಡುಗಿಯ ಪರಕಾರಕ್ಕೆ ನಾಲ್ಕು ಮಡಿಕೆ ಹಾಕಿ ಹೊಲಿಸಿ, ವರ್ಷಕ್ಕೊಂದು ಬಿಚ್ಚುತ್ತೇವೆ. ಚಪ್ಪಲಿ ದೊಡ್ಡದು ತಂದು ಮುಂದೆ ಅರಳೆ ತುರುಕುತ್ತೇವೆ. ನಾನೇ ಐದನೇ ಇಯತ್ತೆಯಲ್ಲಿ ಹೊಲಿಸಿದ ಕೋಟು ತೊಟ್ಟು ಮ್ಯಾಟ್ರಿಕ್ ಪರೀಕ್ಷೆ ಬರೆದವನು. ಕೋಟು ನನ್ನ ಮೈಗೆ ಸರಿಹೊಂದಿದ್ದು ಆ ಒಂದು ವರ್ಷ ಮಾತ್ರ.

ಹಾಗಾಗಿ ಅವ್ವನ ಮಾತು ನನಗೆ ನ್ಯಾಯವಾಗಿಯೇ ಕಂಡಿತು. ಗೌರಿಯನ್ನು ಮನೆಯಲ್ಲೇ ಬಿಟ್ಟೆ. ಪಕ್ಕದ ಮನೆಯ ಎರಡನೇ ಇಯತ್ತೆ ಹುಡುಗಿಯ ಕೈಗೊಂದು ಪೆಪ್ಪರ್‌ಮಿಂಟ್ ಕೊಟ್ಟು, ಯಮನಪ್ಪನ ಮುಂದೆ ನಿಲ್ಲಿಸಿ ಅಳತೆ ಕೊಡಿಸಿಬಿಟ್ಟೆ. ಯಮನಪ್ಪ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ವರ್ಷದ ಚಿಂತೆ ಒಂದೇ ದಿನದಲ್ಲಿ ಮುಗಿಸಿದೆ ಎಂದು ಒಳಗೊಳಗೇ ಬೀಗಿದೆ.

ಸಿಂದಗಿಯ ಮೆಕ್ಯಾನಿಕ್ ಕಾರಿನ ತಳಕ್ಕೆ ನಾಲ್ಕು ತೂತು ಕೊರೆದು, ಹಿಂದಿನ ಸೀಟಿನ ಮೇಲೆ ನಮ್ಮ ಸೀಟನ್ನು ಬೋಲ್ಟು ಹಾಕಿ ಬಿಗಿದ. ನಾನು ಹಿಡಿದು ಅಲ್ಲಾಡಿಸಿದೆ. ಕಾರೇ ಅಲ್ಲಾಡಿತು, ಸೀಟು ಅಲ್ಲಾಡಲಿಲ್ಲ.

ಮನೆಯ ಅಂಗಳದಲ್ಲಿ ಗೌರಿಯನ್ನು ಕೂರಿಸಿದಾಗ ಪಟ್ಟಾ ಎಲ್ಲ ಕಡೆ ಜೋತಾಡಿತು. ಅವ್ವ ಬೆನ್ನ ಹಿಂದೆ ಒಂದು ತಲೆದಿಂಬು ತುರುಕಿದಳು. ಸರಿಹೋಯಿತು! ಓಣಿಯವರೆಲ್ಲ ಬಂದು ನೋಡಿಹೋದರು.

ಮರುದಿನ ಮುದ್ದೇಬಿಹಾಳದ ಅಕ್ಕನ ಮನೆಗೆ ಹೊರಟೆವು. ಹಿಂದೆ ಗೌರಿ, ಅವಳ ಪಕ್ಕದಲ್ಲಿ ನನ್ನ ಹೆಂಡತಿ ಸುಶೀಲಾ. ತಾಂಬಾ ದಾಟಿದ ಮೇಲೆ ಹೊಲದಿಂದ ಎಮ್ಮೆಯೊಂದು ರಸ್ತೆಗೆ ಇಳಿಯಿತು. ಮತ್ತೆ ಬ್ರೇಕ್. ಸೀಟು ಜಗ್ಗಲಿಲ್ಲ, ಪಟ್ಟಾ ಹರಿಯಲಿಲ್ಲ. ತಲೆದಿಂಬು ಹಾರಿ ನನ್ನ ಕುತ್ತಿಗೆಗೆ ಬಡಿಯಿತು. ಹಿಂತಿರುಗಿ ನೋಡಿದರೆ ಮಗಳು ಸೊಂಟದ ಪಟ್ಟಾದ ಕೆಳಗಿಂದ ಜಾರಿ, ಭುಜದ ಪಟ್ಟಾ ಗದ್ದಕ್ಕೆ ಸಿಕ್ಕಿ, ಕಾಲು ಬಡಿಯುತ್ತ ನೇತಾಡುತ್ತಿದ್ದಳು.

ಸುಶೀಲಾ ಒಂದೇ ಸಲಕ್ಕೆ ಅವಳನ್ನು ಮೇಲೆತ್ತಿ ಪಟ್ಟಾ ಬಿಡಿಸಿದಳು. ಮಗು ಅಳುವುದಕ್ಕೆ ಎರಡು ಕ್ಷಣ ತಗೊಂಡಿತು. ಆ ಎರಡು ಕ್ಷಣ ನಾನು ಜನ್ಮದಲ್ಲಿ ಮರೆಯಲಾರೆ. ಗದ್ದದ ಕೆಳಗೆ ಕೆಂಪು ಗೆರೆ ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಸುಶೀಲಾ ಬಯ್ಯಲಿಲ್ಲ. ಮೆಲ್ಲಗೆ ಹೇಳಿದಳು. "ಇವತ್ತ ಕಾರಿನ್ಯಾಗ ಕುಂತಾಕಿ ಮೂರು ವರ್ಷದಾಕಿ ಅದಾಳ್ರಿ. ಏಳು ವರ್ಷದಾಕಿ ಇನ್ನೂ ಬಂದಿಲ್ಲ. ಬರೂತನಕ ಈಕಿನ್ನ ಉಳಿಸ್ಕೋಬೇಕಲ್ಲ?"

ವಕೀಲಿ ಮಾಡುವ ನಾನು ಕೋರ್ಟಿನಲ್ಲೂ ಇಷ್ಟು ಚೊಕ್ಕ ವಾದ ಕೇಳಿಲ್ಲ. ಗಾಡಿ ತಿರುಗಿಸಿ ನೇರ ಯಮನಪ್ಪನ ಅಂಗಡಿಗೆ ಬಂದೆ. ಅವನು ಗೌರಿಯನ್ನು ನೋಡಿದ, ನನ್ನನ್ನು ನೋಡಿದ.

"ಈಕಿ ನಿಮ್ಮ ಮಗಳಾದ್ರ, ಆವತ್ತ ಬಂದಾಕಿ ಯಾರ್ರಿ?"

ತಪ್ಪೊಪ್ಪಿಗೆ ಕೊಟ್ಟೆ. ಮರಿ ಕುದುರೆಗೆ ದೊಡ್ಡ ಕುದುರೆಯ ಪಟ್ಟಾ ಹಾಕಿದರೆ ಒಂದೇ ದಿನಕ್ಕೆ ಮೈ ಕೆತ್ತಿಹೋಗುತ್ತದೆ, ಟಾಂಗಾ ಹೊಡೆಯುವವರಿಗೂ ಇದು ಗೊತ್ತು ಎಂದ. (ವಕೀಲರಿಗೆ ಗೊತ್ತಿಲ್ಲ ಎಂದು ಸೇರಿಸಲಿಲ್ಲ. ದೊಡ್ಡ ಮನುಷ್ಯ.) ಭುಜದ ಪಟ್ಟಾ ಕೆಳಗಿಳಿಸಿದ. ಸೊಂಟದ್ದನ್ನು ಕತ್ತರಿಸಿದ. ಎರಡು ಕಾಲ ನಡುವಿನಿಂದ ಹೊಸದೊಂದು ತಂದು ಜೋಡಿಸಿದ, ಇನ್ನು ಕೆಳಗೆ ಜಾರುವ ಮಾತಿಲ್ಲ. ಪಟ್ಟಾ ಮತ್ತು ಎದೆಯ ನಡುವೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು. ಬೆಳೆದಂತೆಲ್ಲ ಕರೆದುಕೊಂಡು ಬನ್ನಿ, ಹೊಸ ತೂತು ಹೊಡೆದುಕೊಡುತ್ತೇನೆ ಎಂದ. ಬೆಳೆಯುವ ಮಗುವಿಗೆ ಬೇಕಾದ್ದು ದೊಡ್ಡ ಸೀಟಲ್ಲ, ಮತ್ತೆ ಮತ್ತೆ ಅಳೆಯುವ ಅಪ್ಪ. ಇದನ್ನು ನಾನು ಈಗ ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ, ಅವ್ವನ ಮುಂದೆ ಕೂಡ.

ಪರೀಕ್ಷೆ ಆಗಲೇಬೇಕಲ್ಲ? ಸೀಟಿನಲ್ಲಿ ಗೌರಿಯ ಬದಲು ಅವಳಷ್ಟೇ ತೂಕದ ಜೋಳದ ಚೀಲ ಕಟ್ಟಿದೆವು. ಯಮನಪ್ಪ ಪಕ್ಕದಲ್ಲಿ ಕೂತು, ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದು ಚೀಲವನ್ನೇ ನೋಡುತ್ತಿದ್ದ. ಖಾಲಿ ರಸ್ತೆಯಲ್ಲಿ ಒಮ್ಮೆಲೇ ಬ್ರೇಕ್ ಒತ್ತಿದೆ. ಚೀಲ ಕೂತಲ್ಲೇ ಕೂತಿತ್ತು. ನಾನು ಹೋಗಿ ಸ್ಟಿಯರಿಂಗಿಗೆ ಎದೆ ಬಡಿಸಿಕೊಂಡು ಉಸಿರಿಗಾಗಿ ಒದ್ದಾಡುತ್ತಿದ್ದೆ.

ಯಮನಪ್ಪ ಕಿಸೆಯಿಂದ ಅಳತೆಯ ದಾರ ತೆಗೆದು ನನ್ನ ಎದೆಯ ಸುತ್ತ ಹಾಕಿದ. "ಕೈ ಮ್ಯಾಲ ಎತ್ರಿ ವಕೀಲ್ರ. ನೀವಂತೂ ಇನ್ನ ಬೆಳ್ಯಾಂಗಿಲ್ಲ."