ಯಾರಿಗೂ ವಿನಾಯಿತಿ ಇಲ್ಲ

ಇಳಕಲ್ಲಿನ ಹೊರಗೆ, ಹೆದ್ದಾರಿಗೆ ಹೊಂದಿಕೊಂಡಿರುವ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ನಾನು ಗುಮಾಸ್ತೆ. ಕಮತಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪಾಲಿಶ್ ಆದ ಕೆಂಪು ಕಲ್ಲನ್ನು ಕಂಟೇನರಿಗೆ ತುಂಬಿ ಬಾಗಿಲು ಹಾಕಿದ ಮೇಲೆ ಅದಕ್ಕೊಂದು ಸೀಲು ಬೀಳುತ್ತದೆ. ಹೆಬ್ಬೆರಳ ಗಾತ್ರದ ಉಕ್ಕಿನ ಮೊಳೆ, ಮೈಮೇಲೆ ಕೊರೆದ ನಂಬರು. ಒಮ್ಮೆ ಒತ್ತಿದರೆ ಮುಗಿಯಿತು, ಕತ್ತರಿಸದೆ ತೆಗೆಯಲಾಗದು. ಪರದೇಶದ ಬಂದರಿನಲ್ಲಿ ಆ ನಂಬರು ನೋಡಿಯೇ, ದಾರಿಯಲ್ಲಿ ಯಾರೂ ಬಾಗಿಲು ತೆರೆದಿಲ್ಲ ಎಂದು ನಂಬುತ್ತಾರೆ.

ಮೂರು ವರ್ಷದ ಹಿಂದೆ ಅಂಥ ಆರು ಸೀಲುಗಳು ಕಾಣೆಯಾದವು. ಸೀಲಿಡುವ ಕಪಾಟಿಗೆ ಎರಡು ಕೀಲಿಕೈ ಇದ್ದವು, ಒಂದು ನನ್ನ ಹತ್ತಿರ, ಇನ್ನೊಂದು ಮ್ಯಾನೇಜರ್ ಹತ್ತಿರ. ಅವನು ಮಾತ್ರ ಒಂದೇ ಕೀಲಿಕೈ ಇದ್ದಂತೆ ಮಾತಾಡಿದ. ಸಂಜೆ ಮನೆಗೆ ಹೊರಟವಳನ್ನು ಗೇಟಿನಲ್ಲಿ ನಿಲ್ಲಿಸಿ, ವಾಚ್‌ಮನ್ನನಿಗೆ "ಆಕಿ ಚೀಲಾ ಸುರುವು" ಎಂದ.

ವಾಚ್‌ಮನ್ ಹುನಗುಂದದ ಹಿರಿಯ, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. "ಹೆಣ್ಮಗಳ ಚೀಲ ಐತ್ರಿ, ಸಾಹೇಬ್ರ" ಎಂದು ಹಿಂದೆಗೆದ.

"ಹೇಳಿದಷ್ಟು ಮಾಡು."

ಮೇಜಿನ ಮೇಲೆ ಎಲ್ಲ ಬಿತ್ತು. ಬುತ್ತಿಗಂಟು, ಬಸ್ ಪಾಸು, ಅವ್ವನ ಬಿ.ಪಿ. ಗುಳಿಗೆ, ಕಾಗದದಲ್ಲಿ ಸುತ್ತಿದ್ದ ಪ್ಯಾಡು. ಲಾರಿ ಡ್ರೈವರುಗಳು ಚಹಾದ ಕಪ್ಪು ಹಿಡಿದು ನೋಡುತ್ತಿದ್ದರು. ಮ್ಯಾನೇಜರ್ ಪೆನ್ನಿನ ತುದಿಯಿಂದ ಆ ಕಾಗದ ಸರಿಸಿ "ಇದರಾಗೇನೈತಿ?" ಎಂದ. ಒಬ್ಬ ಡ್ರೈವರ್ ನಕ್ಕ. ಸೀಲು ಸಿಗಲಿಲ್ಲ. "ಇವತ್ತಿಲ್ಲಂದ್ರ ನಿನ್ನೆ ಒಯ್ದಿರ್ಬೇಕು" ಎಂದು ನನ್ನ ಕೀಲಿಕೈ ಕಸಿದುಕೊಂಡು ಒಳಗೆ ಹೋದ.

ಕೆಲಸ ಬಿಟ್ಟುಬಿಡು ಎಂದಳು ಅವ್ವ. ಬಿಟ್ಟಿದ್ದರೆ ಕಳ್ಳಿಯಾಗಿಯೇ ಉಳಿಯುತ್ತಿದ್ದೆ. ಉಳಿದೆ, ಅವನನ್ನು ದ್ವೇಷಿಸುತ್ತ ಉಳಿದೆ. ಅವನಿಗೆ ನೆಗಡಿಯಾದರೂ ನನಗೆ ಹಬ್ಬ. ಅವನ ಚಹಾ ಬಂದ ಹೊತ್ತಿಗೆ ಸರಿಯಾಗಿ ಸಹಿಯ ಕಾಗದಗಳ ಕಂತೆ ಹಿಡಿದು ಹೋಗಿ ನಿಲ್ಲುತ್ತಿದ್ದೆ, ತಣ್ಣಗಾಗಲಿ ಎಂದು.

ಹೋದ ವರ್ಷ ಮಾಲೀಕರು ಕಸ್ಟಮ್ಸ್ ಇಲಾಖೆಯ ಮಾನ್ಯತೆಗೆ ಅರ್ಜಿ ಹಾಕಿದರು. ಅದು ಸಿಕ್ಕರೆ ನಮ್ಮ ಕಂಟೇನರುಗಳು ಬಂದರಿನಲ್ಲಿ ಹೆಚ್ಚು ಕಾಯಬೇಕಿಲ್ಲ. ಅದಕ್ಕೆ ಮೊದಲು ಅಧಿಕಾರಿಗಳು ಬಂದು, ನಮ್ಮ ಸರಕನ್ನು ಎಲ್ಲೆಲ್ಲಿ ಯಾರು ಮುಟ್ಟುತ್ತಾರೆ, ಯಾರು ಕಾಯುತ್ತಾರೆ ಎಂದು ಪರೀಕ್ಷಿಸುತ್ತಾರೆ. ಇಂಗ್ಲಿಷಿನ ಪ್ರಶ್ನೆಗಳ ದಪ್ಪ ಕಟ್ಟು ಬಂತು. ಮ್ಯಾನೇಜರ್ ಎರಡು ಹಾಳೆ ತಿರುವಿ ನನ್ನ ಮೇಜಿಗೆ ಒಗೆದ. "ನೀನ ತುಂಬು. ನನಗ ಬ್ಯಾರೆ ಕೆಲಸ ಅದಾವು."

ಪ್ರತಿ ಸಾಲನ್ನೂ ಓದಿದೆ. ಹರಿದ ತಂತಿಬೇಲಿ ಕಟ್ಟಿಸಿದೆ. ಕ್ಯಾಮೆರಾಗಳ ಮೇಲೆ ಕೂತ ಕಲ್ಲಿನ ಧೂಳು ತೆಗೆಸಿದೆ. ಖಾಲಿ ಕಂಟೇನರಿನಲ್ಲಿ ಕಳ್ಳಜಾಗವಿದೆಯೇ ಎಂದು ಗೋಡೆ, ತಳ, ಚಾವಣಿ ಬಡಿದು ನೋಡುವುದನ್ನು ಹಮಾಲರಿಗೆ ಕಲಿಸಿದೆ. ಕೊನೆಗೆ ಗೇಟಿನ ನಿಯಮ ಬರೆದೆ: "ಎಲ್ಲರ ಚೀಲವನ್ನೂ ವಾಹನವನ್ನೂ ತಪಾಸಣೆ ಮಾಡಬೇಕು. ಯಾರಿಗೂ ವಿನಾಯಿತಿ ಇಲ್ಲ." ಹೆಂಗಸರ ಚೀಲವನ್ನು ಹೆಂಗಸರೇ, ಮರೆಯಲ್ಲಿ ನೋಡಬೇಕು ಎಂದೂ ಸೇರಿಸಿದೆ. ಮ್ಯಾನೇಜರ್ ಓದದೆ ಸಹಿ ಮಾಡಿದ.

ಮರುದಿನ ಬೆಳಿಗ್ಗೆ ಚಾಚಾ ಅವನ ಕಾರಿಗೆ ಕೈ ಅಡ್ಡ ಹಿಡಿದ.

"ನನ್ನ ಗಾಡಿ ತಡೀತಿ ಏನಲೇ?"

"ಡಿಕ್ಕಿ ತಗೀರಿ ಸಾಹೇಬ್ರ. ನಿಮ್ಮದ ಸಹಿ ಐತಿ."

ರಿಜಿಸ್ಟರ್ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ದಿನಾ ಹತ್ತು ಮಂದಿಯ ಮುಂದೆ ಅವನು ಇಳಿದು ಡಿಕ್ಕಿ ತೆಗೆಯಬೇಕು, ನಾನು ಬಯಸಿದ್ದು ಅಷ್ಟೇ. ಆದರೆ ಐದನೆಯ ದಿನ ಚಾಚಾ ಸ್ಟೆಪ್ನಿ ಚಕ್ರವನ್ನೂ ಎತ್ತಿ ನೋಡಿದ. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ, ಒಳಗೆ ಆರು ಸೀಲು. ನಂಬರುಗಳು ನನಗೆ ಬಾಯಿಪಾಠವಿದ್ದವು.

ಮ್ಯಾನೇಜರ್ ಮುಖ ಬಿಳಿಚಿತು. "ಆವಾಗ ಕಲ್ಲಿನ ಕ್ವಾರ್ಯಾಗ ಕಂಟೇನರ್ ಲೋಡಿಂಗಿಗೆ ಒಯ್ದಿದ್ನಿ, ಖರೇನ ಮರ್ತಿದ್ನಿ" ಎಂದವನು ದನಿ ತಗ್ಗಿಸಿ, "ನಮ್ಮ ನಮ್ಮಾಗ ಇರ್ಲಿ. ಬರೀಬ್ಯಾಡ" ಎಂದ.

ನಾನು ಬರೆದೆ. ಆರು ನಂಬರು, ಕಾರಿನ ನಂಬರು, ಹೊತ್ತು, ಸಿಕ್ಕ ಜಾಗ.

ಮಾಲೀಕರು ನನ್ನನ್ನು ಕರೆಸಿದರು. "ತಂಗಿ, ಇದನ್ನ ಬಿಟ್ಟುಬಿಟ್ರ ಹ್ಯಾಂಗ?"

"ಆರು ನಂಬರ್ ಎಲ್ಲಿ ಹೋದ್ವು ಅಂತ ಕಸ್ಟಮ್ಸಿನವರು ಕೇಳೇ ಕೇಳ್ತಾರ್ರಿ. ಸುಳ್ಳು ಹೇಳಿ ಸಿಕ್ಕೊಂಡ್ರ ಅರ್ಜಿನ ಹೋಗತೈತಿ."

ಹೇಳಿದ್ದು ನಿಜವೇ. ಆದರೆ ಕಂಪನಿಯ ಒಳಿತಿಗಾಗಿ ಹೇಳಿದೆ ಎಂದರೆ ಅದು ಸುಳ್ಳು.

ತಪಾಸಣೆಯ ದಿನ ಇಬ್ಬರು ಅಧಿಕಾರಿಗಳು ಬಂದರು. ಹಿರಿಯಾಕೆ ಸೀಲಿನ ರಿಜಿಸ್ಟರಿನ ಮೇಲೆ ಬೆರಳಾಡಿಸುತ್ತ ಬಂದು ಒಂದು ಸಾಲಿನಲ್ಲಿ ನಿಲ್ಲಿಸಿದರು. "ಈ ಆರು ಸೀಲು ಎರಡು ವರ್ಷ ಎಲ್ಲಿದ್ದವು?"

ಮಾಲೀಕರು, ಸೂಪರ್‌ವೈಸರುಗಳು, ಹಮಾಲರು ಎಲ್ಲರೂ ನನ್ನತ್ತ ನೋಡಿದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಅದನ್ನ ಮ್ಯಾನೇಜರ್ ಸಾಹೇಬ್ರ ಹೇಳ್ತಾರ್ರಿ, ಮೇಡಂ" ಎಂದು ಹಿಂದೆ ಸರಿದೆ.

ಅವನು ನೆಲ ನೋಡುತ್ತ ಏನೋ ಗೊಣಗಿದ.

"ಕೇಳಿಸಲಿಲ್ಲ. ಜೋರಾಗಿ ಹೇಳಿ."

"ನನ್ನ ಕಾರಿನಾಗ ಇದ್ವುರಿ."

"ಆಗ ಯಾರ ಮೇಲೆ ಅನುಮಾನ ಪಟ್ಟಿದ್ದಿರಿ?"

ಅವನು ನನ್ನ ಕಡೆ ನೋಡಿದ. ಕಾಪಾಡು ಎನ್ನುವ ನೋಟ ಅದು. ನಾನು ರೆಪ್ಪೆ ಮಿಟುಕಿಸಲಿಲ್ಲ. "ಇವರ ಮ್ಯಾಲರಿ. ಗೇಟಿನಾಗ ಇವರ ಚೀಲಾ ಸುರುವಿಸಿದ್ನಿ" ಎಂದ. ಹೇಳುವಾಗ ಅವನ ದನಿ ಒಡೆಯಿತು. ಆಕೆ ಅದನ್ನೂ ಬರೆದುಕೊಂಡರು.

ಕೆಲವು ತಿಂಗಳ ಮೇಲೆ ಮಾನ್ಯತೆ ಬಂತು. ಸೀಲುಗಳ ಹೊಣೆ ನನಗೆ ಬಂತು. ಮ್ಯಾನೇಜರ್ ತಾನೇ ಕೇಳಿಕೊಂಡು ಕ್ವಾರಿಯ ಕಡೆಗೆ ಹೋದ. ಹೋಗುವ ಮೊದಲು ನನ್ನ ಮೇಜಿನ ಬಳಿ ಬಂದು, ಅತ್ತಿತ್ತ ನೋಡಿ, "ತಪ್ಪಾತು ಅನ್ಕೋರಿ ಅಕ್ಕಾರ" ಎಂದ.

"ಗೇಟಿನಾಗ, ಎಲ್ಲಾರ ಮುಂದ ಹೇಳ್ರಿ" ಎಂದೆ.

ಅವನು ಹೇಳಲಿಲ್ಲ. ನಾನೂ ಕ್ಷಮಿಸಲಿಲ್ಲ.

ಇದನ್ನೆಲ್ಲ ಕೇಳಿ ಅವ್ವ ಬೇಸರ ಮಾಡಿಕೊಂಡಳು. "ಇಷ್ಟು ಸಿಟ್ಟು ಹೊಟ್ಟ್ಯಾಗ ಇಟ್ಕೋಬಾರ್ದವ್ವ. ಮಹಾಕೂಟದ ಗುಡಿಗೆ ಹೋಗಿ ಹೊಂಡದಾಗ ಮುಳುಗಿ ಬಾ." ಭಾನುವಾರ ಹೋದೆ. ಮೂರು ಸಲ ಮುಳುಗಿದೆ. ನೀರು ತಣ್ಣಗಿತ್ತು, ಮೈ ಹಗುರಾಯಿತು. ಮೆಟ್ಟಿಲ ಮೇಲೆ ಕೂತು ಕೂದಲು ಹಿಂಡಿಕೊಳ್ಳುವಾಗ, ತಪಾಸಣೆಯ ದಿನ ಮ್ಯಾನೇಜರನ ದನಿ ಒಡೆದದ್ದು ನೆನಪಾಯಿತು. ಪಕ್ಕದ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ.